ಆಕಳಿಕೆ ಬರಬಾರದು, ಅಷ್ಟೇ

ಸಿನಿಮಾಕ್ಕೆ ಬಂದವರು ಆಕಳಿಸಬಾರದು, ತೂಕಡಿಸಬಾರದು. 1926ರಲ್ಲಿ 'ಅರಿರಾಂಗ್' ಚಿತ್ರಕ್ಕೆ ಕೈಹಾಕಿದಾಗ ಕೊರಿಯಾದ ನಾ ಉನ್‌ಗ್ಯು ತಲೆಯಲ್ಲಿ ಇದ್ದ ಮೊದಲ ಯೋಚನೆ ಇದು. ಹತ್ತು ವರ್ಷ ಕಳೆದ ಮೇಲೆ ಆ ದಿನಗಳ ಬಗ್ಗೆ ಬರೆಯುವಾಗ ಅವನೇ ಹೀಗೆ ಹೇಳಿಕೊಂಡಿದ್ದಾನೆ. ಅಮೆರಿಕದ ಚಿತ್ರಗಳಲ್ಲಿ ಓಟ ಇರುತ್ತಿತ್ತು, ಹೊಡೆದಾಟ ಇರುತ್ತಿತ್ತು, ನಗು ಇರುತ್ತಿತ್ತು, ಜನ ಅದಕ್ಕೆ ಮುಗಿಬೀಳುತ್ತಿದ್ದರು. ಕೊರಿಯಾದ ಚಿತ್ರ ಹಾಕಿದರೆ ನಿದ್ದೆ. ಇದು ಅವನಿಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಇವತ್ತು ಕೊರಿಯಾದಲ್ಲಿ 'ಅರಿರಾಂಗ್' ಅಂದರೆ ರಾಷ್ಟ್ರದ ಚಿತ್ರ, ಸ್ವಾತಂತ್ರ್ಯದ ಕೂಗು ಅಂತ ಕೈಮುಗಿದು ಮಾತಾಡುತ್ತಾರೆ. ಅದೂ ಸುಳ್ಳಲ್ಲ. ಆದರೆ ಅದನ್ನು ಮಾಡಿದ 23 ವರ್ಷದ ಹುಡುಗ ಮೊದಲು ತಲೆಕೆಡಿಸಿಕೊಂಡದ್ದು ಪ್ರೇಕ್ಷಕನ ನಿದ್ದೆಯ ಬಗ್ಗೆ ಅನ್ನೋದು ನನಗೆ ಭಾರೀ ಇಷ್ಟವಾಯಿತು.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ನಮ್ಮ ಮನೆಗೆ ಕೊರಿಯಾ ಬಂದದ್ದು ತಂಗಿಯ ಮಗಳ ಮೊಬೈಲಿನಲ್ಲಿ. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮನೆಯಲ್ಲಿ ತುಳು ಮಾತಾಡುವ ಹುಡುಗಿಗೆ ಇನ್ನೊಂದು ಭಾಷೆ ಲೆಕ್ಕಕ್ಕೇ ಇಲ್ಲ, ಸೀರಿಯಲ್ ನೋಡಿ ನೋಡಿ ಕೊರಿಯನ್ನೂ ಅರ್ಧಂಬರ್ಧ ಬರುತ್ತದೆ. ಅವಳೇ ಒಮ್ಮೆ ಕೇಳಿದಳು, "ಮಾವ, ಅರಿರಾಂಗ್ ಹಾಡು ಜನಪದವಾ, ಸಿನಿಮಾದ್ದಾ?" ಉತ್ತರ ಹುಡುಕಲಿಕ್ಕೆ ಹೋದವನಿಗೆ ಈ ಮನುಷ್ಯ ಸಿಕ್ಕಿದ. ಆಮೇಲೆ ಹಾಡು ಪಕ್ಕಕ್ಕೆ ಹೋಯಿತು, ಇವನೇ ತಲೆಯಲ್ಲಿ ಕೂತ.

ನಾ ಉನ್‌ಗ್ಯು ಹುಟ್ಟಿದ್ದು 1902ರ ಅಕ್ಟೋಬರ್ 27ರಂದು, ಹೊಯೆರ್ಯಾಂಗ್ ಎಂಬ ಊರಿನಲ್ಲಿ. ಕೊರಿಯಾದ ಉತ್ತರದ ತುದಿ ಅದು, ಟುಮೆನ್ ನದಿ ದಾಟಿದರೆ ಆಚೆ ಮಂಚೂರಿಯಾ. ಈಗ ಉತ್ತರ ಕೊರಿಯಾಕ್ಕೆ ಸೇರಿದೆ. ಗಡಿ ಊರಿನ ಹುಡುಗ ಅಂದ ಕೂಡಲೇ ನನಗೆ ಸ್ವಲ್ಪ ಪಕ್ಷಪಾತ ಬಂದುಬಿಡುತ್ತದೆ, ಕಾಸರಗೋಡಿನವನು ಬೇರೆ ಏನು ಮಾಡಲಿಕ್ಕಾಗುತ್ತದೆ? ಅವನಿಗೆ ಎಂಟು ತುಂಬುವ ಮೊದಲೇ, 1910ರಲ್ಲಿ, ಜಪಾನ್ ಇಡೀ ಕೊರಿಯಾವನ್ನು ನುಂಗಿತು. ಊರಿಗೆ ರೈಲು ಹಳಿ ಬಂತು. ಹಳಿ ಹಾಕಲಿಕ್ಕೆ ದಕ್ಷಿಣದಿಂದ ಕೂಲಿಯವರು ಬಂದರು. ಅವರು ಕೆಲಸ ಮಾಡುತ್ತಾ ಅರಿರಾಂಗ್ ಹಾಡುತ್ತಿದ್ದರು, ಶಾಲೆಗೆ ಹೋಗುವ ಹುಡುಗ ನಿಂತು ಕೇಳುತ್ತಿದ್ದ.

ಮುಂದೆ ಸಿಯೋಲಿಗೆ ಹೋದ ಮೇಲೆ ಆ ಹಾಡನ್ನು ಹುಡುಕಿದರೆ ಹಾಡುವವರೇ ಸಿಗಲಿಲ್ಲವಂತೆ. ಹಾಗಾಗಿ ಚಿಕ್ಕಂದಿನ ಧಾಟಿಯನ್ನು ನೆನಪು ಮಾಡಿಕೊಂಡು ತಾನೇ ಸಾಲು ಬರೆದ. ಸ್ವರ ಕೂಡಿಸುವ ಕೆಲಸವನ್ನು ಚಿತ್ರಮಂದಿರದ ವಾದ್ಯಮೇಳದವರಿಗೆ ಕೊಟ್ಟ. ಇವತ್ತು ಪ್ರಪಂಚಕ್ಕೆಲ್ಲ ಗೊತ್ತಿರುವ ಅರಿರಾಂಗ್ ಇದೇ, ಸಿನಿಮಾದಿಂದ ಹೊರಟದ್ದು. ನನ್ನನ್ನು ಬಿಟ್ಟು ಹೋದವನು ಹತ್ತು ರೀ ದೂರ ಹೋಗುವುದರೊಳಗೆ ಕಾಲು ನೋಯಲಿ ಅಂತ ಶಾಪ ಹಾಕುವ ಹಾಡು. ಹತ್ತು ರೀ ಅಂದರೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್, ಜಾಸ್ತಿ ದೂರ ಏನಲ್ಲ. ಹಳೆಯದಾ ಹೊಸದಾ ಅಂದರೆ ಎರಡೂ ಹೌದು ಅಂತ ತಂಗಿಯ ಮಗಳಿಗೆ ಹೇಳಿದೆ. ಅವಳಿಗೆ ಅಷ್ಟು ಸಾಕಾಯಿತು.

ಮಧ್ಯದ ಕಥೆ ಮಾತ್ರ ಸಿನಿಮಾಕ್ಕಿಂತ ಜೋರು. 1919ರ ಮಾರ್ಚ್ 1ರಂದು ಕೊರಿಯಾದಲ್ಲಿ ಜನ ಸ್ವಾತಂತ್ರ್ಯ ಕೇಳಿ ಬೀದಿಗೆ ಬಂದರು. ನಮ್ಮಲ್ಲಿ ಜಲಿಯನ್‌ವಾಲಾಬಾಗ್ ಆದದ್ದೂ ಅದೇ ವರ್ಷ, ಮುಂದಿನ ತಿಂಗಳು. ಹುಡುಗ ಆ ಚಳವಳಿಗೆ ಇಳಿದ, ಪೊಲೀಸರು ಹುಡುಕಿದರು, ನದಿ ದಾಟಿ ಓಡಿದ. ಮಂಚೂರಿಯಾ, ರಷ್ಯಾ ಅಂತ ಅಲೆದು ಸ್ವಾತಂತ್ರ್ಯ ಪಡೆಯವರ ಜೊತೆ ಸೇರಿದ. ಕೊನೆಗೆ ಸಿಕ್ಕಿಬಿದ್ದದ್ದು ಯಾವುದಕ್ಕೆ ಗೊತ್ತಾ? ಹೊಯೆರ್ಯಾಂಗಿಗೆ ಬರುವ ರೈಲುದಾರಿಯ ಸುರಂಗವನ್ನು ಒಡೆಯುವ ಸಂಚಿಗೆ. ಯಾವ ಹಳಿಯ ಬದಿಯಲ್ಲಿ ನಿಂತು ಹಾಡು ಕೇಳಿದ್ದನೋ ಅದೇ ಹಳಿ. ಜೈಲಾಯಿತು, 1923ರಲ್ಲಿ ಹೊರಗೆ ಬಂದ. ಚುನ್ಸಾ ಎಂಬ ಅವನ ಇನ್ನೊಂದು ಹೆಸರು ಜೈಲಿನಲ್ಲಿ ಜೊತೆಗಿದ್ದ ಹೋರಾಟಗಾರರೊಬ್ಬರು ಇಟ್ಟದ್ದು ಅನ್ನುತ್ತಾರೆ.

ಇಲ್ಲಿಂದ ಮುಂದೆ ಒಂದು ನಾಟಕ ತಂಡ ಅವನ ಕೈಹಿಡಿಯಿತು. ಯೆರಿಮ್‌ಹೊಯೆ ಅಂತ, ಊರೂರು ತಿರುಗುವ ತಂಡ, ಅದರಲ್ಲಿದ್ದವನು ಆನ್ ಜೊಂಗ್‌ಹ್ವಾ. ಈ ಹೆಸರು ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ. 1924ರಲ್ಲಿ ಬುಸಾನ್ ಬಂದರಿನಲ್ಲಿ ಜಪಾನಿಯರು ಸಿನಿಮಾ ಕಂಪನಿ ತೆರೆದಾಗ ಆನ್ ಅಲ್ಲಿಗೆ ಹೋದ, ಹಿಂದೆಯೇ ನಾ ಉನ್‌ಗ್ಯು ಕೂಡ ಸೇರಿಕೊಂಡ. ನೋಡಲಿಕ್ಕೆ ಕುಳ್ಳ. ಹೀರೋ ಮುಖ ಅಲ್ಲವೇ ಅಲ್ಲ. 1925ರಲ್ಲಿ ಸಿಕ್ಕಿದ ಮೊದಲ ಪಾತ್ರ ಪಲ್ಲಕ್ಕಿ ಹೊರುವವನದು, ಮಾತಿಲ್ಲ ಕಥೆಯಿಲ್ಲ, ಹೆಗಲು ಕೊಟ್ಟರೆ ಮುಗಿಯಿತು. ಅದೇ ವರ್ಷ ಕುರುಡು ಅಪ್ಪನ ಪಾತ್ರ ಸಿಕ್ಕಿತು. ಅಪ್ಪನಿಗೆ ಕಣ್ಣು ಬರಲಿ ಅಂತ ಮಗಳು 300 ಮೂಟೆ ಅಕ್ಕಿಗೆ ತನ್ನನ್ನೇ ಮಾರಿಕೊಳ್ಳುವ ಸಿಮ್ ಚೊಂಗಳ ಕಥೆ ಅದು, ಕೊರಿಯಾದ ಮಕ್ಕಳಿಗೂ ಗೊತ್ತಿರುವ ಕಥೆ. ಇಪ್ಪತ್ತರ ಹರೆಯದ ಹುಡುಗ ಮುದುಕ ಕುರುಡನಾದ. ಜನ 'ಯಾರಿವನು' ಅಂತ ಕೇಳಲಿಕ್ಕೆ ಶುರುಮಾಡಿದ್ದು ಆಗ.

ಮರುವರ್ಷ ಸಿಯೋಲಿನ ಇನ್ನೊಂದು ಕಂಪನಿ. ಇದರ ಮಾಲೀಕ ಯೋದೊ ಎಂಬ ಜಪಾನಿ, ಮೂಲ ಕಸುಬು ಟೋಪಿ ವ್ಯಾಪಾರ. ಜಪಾನಿನ ಆಳ್ವಿಕೆಗೆ ಎದುರಾಗಿ ನಿಂತ ಚಿತ್ರ ಅಂತ ಹೊಗಳುವ 'ಅರಿರಾಂಗ್'ಗೆ ದುಡ್ಡು ಹಾಕಿದ್ದು ಜಪಾನಿ ಟೋಪಿ ಸಾಹುಕಾರ. ಆಗಿನ ಜಾಹೀರಾತಿನಲ್ಲಿ ನಿರ್ದೇಶಕನ ಜಾಗದಲ್ಲಿ ಕಿಮ್ ಚಾಂಗ್‌ಸೊನ್ ಎಂಬ ಹೆಸರಿದೆ, ಅದು ಕಂಪನಿಯಲ್ಲಿದ್ದ ಜಪಾನಿಯೊಬ್ಬನ ಕೊರಿಯನ್ ಹೆಸರು. ಹಾಗಾದರೆ ನಿಜವಾಗಿ ನಿರ್ದೇಶಿಸಿದ್ದು ಯಾರು ಅಂತ ಅಲ್ಲಿನ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ಕಥೆ ನಾ ಉನ್‌ಗ್ಯುವಿನದು, ನಾಯಕ ಅವನು, ಮುಂದಿನ ಹತ್ತು ವರ್ಷ ಅವನು ತೆಗೆದ ಚಿತ್ರಗಳ ಪಟ್ಟಿಯೂ ಕಣ್ಣೆದುರಿಗಿದೆ. ನನ್ನ ಮಟ್ಟಿಗೆ ಜಗಳ ಮುಗಿದಿದೆ.

ಚಿತ್ರ ತೆರೆಕಂಡದ್ದು 1926ರ ಅಕ್ಟೋಬರ್ 1ರಂದು, ಸಿಯೋಲಿನ ದಾನ್‌ಸೊಂಗ್ಸಾ ಚಿತ್ರಮಂದಿರದಲ್ಲಿ. ಅದೇ ದಿನ ಅದೇ ಊರಿನಲ್ಲಿ ಇನ್ನೊಂದು ಸಮಾರಂಭ. ಕೊರಿಯಾದ ರಾಜರ ಅರಮನೆಯ ಆವರಣದೊಳಗೇ, ಅರಮನೆ ಕಾಣದ ಹಾಗೆ ಅಡ್ಡಕ್ಕೆ ಕಟ್ಟಿದ ಜಪಾನಿ ಆಡಳಿತದ ದೊಡ್ಡ ಕಲ್ಲಿನ ಕಟ್ಟಡದ ಉದ್ಘಾಟನೆ. ಆ ಕಟ್ಟಡವನ್ನು 1995ರಲ್ಲಿ ಕೆಡವಲಿಕ್ಕೆ ಶುರುಮಾಡಿದರು.

ಕಥೆ ಹೀಗೆ. ಯಂಗ್‌ಜಿನ್ ಕಾಲೇಜು ಹುಡುಗ, ಚಳವಳಿಗೆ ಹೋಗಿ ಪೊಲೀಸರ ಕೈಗೆ ಸಿಕ್ಕು ಬುದ್ಧಿ ಕೆಟ್ಟು ಹಳ್ಳಿಗೆ ಬಂದಿದ್ದಾನೆ. ಏನು ಮಾಡಿದ್ದಕ್ಕೆ ಹೀಗಾಯಿತು ಅಂತ ತೆರೆಯ ಮೇಲೆ ಬರೆಯುವ ಹಾಗಿರಲಿಲ್ಲ, ನೋಡುವವರಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಮುದಿ ಅಪ್ಪ, ತಂಗಿ ಯಂಗ್‌ಹಿ. ಊರಿನ ಜಮೀನ್ದಾರನ ಏಜೆಂಟ್ ಓ ಗಿಹೊ, ಪೊಲೀಸರಿಗೂ ಬೇಕಾದವನು, ತಂಗಿಯ ಮೇಲೆ ಕಣ್ಣು ಹಾಕಿದ್ದಾನೆ. ಸುಗ್ಗಿಯ ಹಬ್ಬದ ದಿನ ಊರೆಲ್ಲ ಕುಣಿಯುವಾಗ ಅವನು ಮನೆಗೆ ನುಗ್ಗುತ್ತಾನೆ. ಯಂಗ್‌ಜಿನ್‌ನ ಗೆಳೆಯ ಹ್ಯೊನ್‌ಗು ಅಡ್ಡ ಬರುತ್ತಾನೆ, ಇಬ್ಬರಿಗೂ ಹೊಡೆದಾಟ. ಹುಚ್ಚ ಅಣ್ಣ ನೋಡುತ್ತಾ ನಗುತ್ತಿದ್ದಾನೆ.

ಇಲ್ಲಿ ಒಂದು ಜಿಗಿತ ಇದೆ ನೋಡಿ. ಹುಚ್ಚನ ತಲೆಯೊಳಗೆ ಹಳ್ಳಿ ಮಾಯವಾಗಿ ಮರುಭೂಮಿ ಬರುತ್ತದೆ. ಬಾಯಾರಿದ ಗಂಡು ಹೆಣ್ಣು, ನೀರು ಹಿಡಿದ ವ್ಯಾಪಾರಿ. ನೀರು ಬೇಕಾದರೆ ಹೆಣ್ಣನ್ನು ಕೊಡು ಅನ್ನುತ್ತಾನೆ ವ್ಯಾಪಾರಿ. ಯಂಗ್‌ಜಿನ್ ಕತ್ತಿ ಎತ್ತಿ ಅವನನ್ನು ಇರಿಯುತ್ತಾನೆ. ಮರುಭೂಮಿ ಹೋಗುತ್ತದೆ, ಕೈಯಲ್ಲಿರುವುದು ಕುಡುಗೋಲು, ಕಾಲ ಬುಡದಲ್ಲಿ ಬಿದ್ದಿರುವವನು ಓ ಗಿಹೊ. ರಕ್ತ ನೋಡಿದ ಕ್ಷಣ ಹುಚ್ಚು ಇಳಿಯುತ್ತದೆ. ಬುದ್ಧಿ ಸರಿಯಾದ ಹೊತ್ತಿಗೆ ಕೈಗೆ ಹಗ್ಗ ಬೀಳುತ್ತದೆ. ಪೊಲೀಸರು ಅವನನ್ನು ಗುಡ್ಡ ದಾಟಿಸಿ ಕರೆದುಕೊಂಡು ಹೋಗುತ್ತಾರೆ, ಹಾಡು ಶುರುವಾಗುತ್ತದೆ, ಚಿತ್ರಮಂದಿರದ ಜನ ತಾವೂ ಹಾಡುತ್ತಾರೆ, ಅಳುತ್ತಾರೆ.

1926ರಲ್ಲಿ, ಕೊರಿಯನ್ ಚಿತ್ರರಂಗ ಇನ್ನೂ ಅಂಬೆಗಾಲಿನಲ್ಲಿದ್ದಾಗ, ಹಳ್ಳಿಯ ಕಥೆಯ ನಟ್ಟನಡುವೆ ಮರುಭೂಮಿ ಹಾಕಲಿಕ್ಕೆ ಧೈರ್ಯ ಬೇಕು. ಬರೀ ಘೋಷಣೆ ಕೂಗುವವನಿಗೆ ಇದು ಹೊಳೆಯುವುದಿಲ್ಲ. ಆಕಳಿಕೆ ಬರಬಾರದು ಅಂತ ಹಟ ಹಿಡಿದವನಿಗೆ ಹೊಳೆಯುತ್ತದೆ. ಹುಚ್ಚನಾದ್ದರಿಂದ ಅವನು ನಗಬಹುದು, ಕುಣಿಯಬಹುದು, ಓಡಬಹುದು, ಏಜೆಂಟನನ್ನು ಅಟ್ಟಾಡಿಸಬಹುದು, ಸೆನ್ಸಾರಿನವರು ಕೇಳಿದರೆ 'ಅವನಿಗೆ ತಲೆ ಸರಿ ಇಲ್ಲ ಸ್ವಾಮಿ' ಅನ್ನಬಹುದು. ಸೆನ್ಸಾರಿನವರು ಇದ್ದರು, ಅದೂ ಹೊಸದಾಗಿ. ಇಡೀ ಕೊರಿಯಾಕ್ಕೆ ಅನ್ವಯಿಸುವ ಚಲನಚಿತ್ರ ಸೆನ್ಸಾರ್ ನಿಯಮ ಬಂದದ್ದು ಅದೇ ವರ್ಷ ಜುಲೈಯಲ್ಲಿ.

ಸೆನ್ಸಾರ್ ಅಂದಾಗ ಬ್ಯೊನ್ಸಾಗಳ ಬಗ್ಗೆ ಹೇಳಲೇಬೇಕು. ಮೂಕಿ ಚಿತ್ರ ಓಡುವಾಗ ತೆರೆಯ ಬದಿಯಲ್ಲಿ ನಿಂತು ಕಥೆ ಹೇಳುವವನು ಬ್ಯೊನ್ಸಾ. ಎಲ್ಲ ಪಾತ್ರಗಳ ಮಾತು, ಅಳು, ನಗು, ಮಧ್ಯೆ ತನ್ನದೊಂದು ಒಗ್ಗರಣೆ, ಎಲ್ಲ ಒಬ್ಬನದೇ. ನಮ್ಮ ಕಡೆಯವರಿಗೆ ಇದನ್ನು ತಿಳಿಯಲಿಕ್ಕೆ ಕಷ್ಟವಿಲ್ಲ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಇದೆಯಲ್ಲ, ಆ ತಾಳಮದ್ದಳೆ ಕೂಟದ ಅರ್ಥಧಾರಿಯನ್ನು ನೆನೆದುಕೊಂಡರೆ ಆಯಿತು. ಪದ್ಯ ಭಾಗವತರದು, ಅದು ಬದಲಾಗುವುದಿಲ್ಲ. ಅರ್ಥ ಮಾತ್ರ ಅರ್ಥಧಾರಿಯದು, ಕುಂಬಳೆಯಲ್ಲಿ ಹೇಳಿದ್ದು ನೀರ್ಚಾಲಿನಲ್ಲಿ ಹಾಗೇ ಇರುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿಯವರ ವಾಲಿಯನ್ನು ಕೇಳಿದ ಹಿರಿಯರು ಒಬ್ಬೊಬ್ಬರೂ ಒಂದೊಂದು ವಾಲಿಯ ಕಥೆ ಹೇಳುತ್ತಾರಲ್ವಾ, ಹಾಗೆ. ಜಪಾನಿ ಅಧಿಕಾರಿ ಕತ್ತರಿ ಹಿಡಿದು ರೀಲು ನೋಡಬಹುದು, ತೆರೆಯ ಮೇಲೆ ಬರುವ ಅಕ್ಷರವನ್ನು ಓದಿ ಅಳಿಸಬಹುದು. ಆದರೆ ಬ್ಯೊನ್ಸಾ ಇವತ್ತು ರಾತ್ರಿ ಏನು ಹೇಳುತ್ತಾನೆ ಅನ್ನೋದು ಯಾವ ರೀಲಿನಲ್ಲೂ ಇರುವುದಿಲ್ಲ. ಅದಕ್ಕೇ ಚಿತ್ರಮಂದಿರದಲ್ಲಿ ಪೊಲೀಸನಿಗೆ ಬೇರೆಯೇ ಒಂದು ಆಸನ ಇಡುತ್ತಿದ್ದರು. ಆ ಆಸನ ತುಂಬಿದ್ದರೆ ಒಂದು ರೀತಿ ಮಾತು, ಖಾಲಿ ಇದ್ದರೆ ಇನ್ನೊಂದು ರೀತಿ. ಒಂದೇ ಚಿತ್ರ, ಕಥೆ ಎರಡು.

ಹಾಗಾಗಿ 'ಅರಿರಾಂಗ್' ಸ್ವಾತಂತ್ರ್ಯದ ಚಿತ್ರವೋ ಅಲ್ಲವೋ ಅಂತ ಚರ್ಚೆ ಮಾಡುವವರು ಒಂದನ್ನು ಮರೆಯುತ್ತಾರೆ. ಅದು ಯಾವ ಊರಲ್ಲಿ, ಯಾವ ರಾತ್ರಿ, ಯಾರು ಮೈಕಿಲ್ಲದೆ ಗಂಟಲು ಹರಿದುಕೊಂಡು ಹೇಳಿದರು ಅನ್ನುವುದರ ಮೇಲೆ ಹೋಗುತ್ತದೆ. ನಾ ಉನ್‌ಗ್ಯು ಬಾಗಿಲನ್ನು ಸ್ವಲ್ಪ ಓರೆ ಮಾಡಿ ಇಟ್ಟ, ಒಳಗೆ ನುಗ್ಗಿದವರು ಬ್ಯೊನ್ಸಾಗಳು ಮತ್ತು ಜನ.

ಇದರ ಬೆನ್ನಿಗೇ ಅವನು ಓಡಿದ ಓಟ ನೋಡಿದರೆ ನಮಗೆ ಸುಸ್ತಾಗುತ್ತದೆ. ಅದೇ ವರ್ಷ 'ಪುಂಗುನಾ', 1927ರಲ್ಲಿ 'ಕಾಡಿಲಿ', 'ಹೊಂಬಣ್ಣದ ಮೀನು', ಅದೇ ವರ್ಷ ತನ್ನದೇ ಕಂಪನಿ. ಬರೆಯುವವನು ಅವನೇ, ನಿರ್ದೇಶಿಸುವವನು ಅವನೇ, ನಾಯಕನೂ ಅವನೇ. ಟುಮೆನ್ ನದಿ ದಾಟಿ ಹೋಗುವವರ ಮೇಲೆ ಒಂದು ಚಿತ್ರ ಮಾಡಿ ಅದಕ್ಕೆ 'ಟುಮೆನ್ ದಾಟಿ' ಅಂತಲೇ ಹೆಸರಿಟ್ಟ. ಹುಟ್ಟಿದೂರಿನ ನದಿ, ತಾನೇ ಓಡಿ ದಾಟಿದ ನದಿ. ಅಧಿಕಾರಿಗಳು ಆ ಹೆಸರಿಗೆ ಒಪ್ಪಲಿಲ್ಲ. 1928ರಲ್ಲಿ ಚಿತ್ರ ಹೊರಗೆ ಬಂದದ್ದು 'ಪ್ರೀತಿಯನ್ನು ಅರಸಿ' ಅಂತ. ನದಿಯ ಹೆಸರಿಗೂ ಹೆದರುವ ಸರ್ಕಾರ!

1929ರಲ್ಲಿ 'ಮೂಗ ಸಾಮ್‌ರ್ಯಾಂಗ್' ಮಾಡಿದ, ಯಜಮಾನನ ಮನೆಯ ಮೂಗ ಆಳಿನ ಕಥೆ. ಆಮೇಲೆ ಕಂಪನಿ ಮುಳುಗಿತು. ದುಡ್ಡಿನ ಅವ್ಯವಸ್ಥೆ, ಕುಡಿತ, ಒಂದು ಪ್ರೇಮ ಪ್ರಕರಣ, ಬೇಸತ್ತು ಬಿಟ್ಟುಹೋದ ಗೆಳೆಯರು. ಇದನ್ನೆಲ್ಲ ಸ್ಮಾರಕದ ಕಲ್ಲಿನ ಮೇಲೆ ಕೆತ್ತುವುದಿಲ್ಲ. 1930ರಲ್ಲಿ 'ಅರಿರಾಂಗ್'ನ ಮುಂದಿನ ಭಾಗ ಬಂತು, ಅದನ್ನು ನಿರ್ದೇಶಿಸಿದ್ದು ಬೇರೆಯವರು, ನಟ ಇವನು. ಎಡಪಂಥದ ವಿಮರ್ಶಕರು ಪತ್ರಿಕೆಗಳಲ್ಲಿ ಚೆನ್ನಾಗಿ ಉಗಿದರು. ಇವನೂ ಸುಮ್ನೆ ಕೂರಲಿಲ್ಲ, ಬರೆದ. ಮರುವರ್ಷ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಜಪಾನಿ ನಿರ್ದೇಶಕನೊಬ್ಬನ ಚಿತ್ರದಲ್ಲಿ ಹೆಣ್ಣುಗಳ್ಳ ಖಳನ ಪಾತ್ರ. 'ಅರಿರಾಂಗ್'ನ ಯಂಗ್‌ಜಿನ್ ಆಗಿದ್ದವನು ಹೀಗೆ ಬಂದದ್ದು ಜನರಿಗೆ ತಡೆಯಲಿಲ್ಲ. ಕೈ ಖಾಲಿ. ನಾಟಕ ತಂಡಗಳ ಜೊತೆ ಮತ್ತೆ ಊರೂರು ತಿರುಗಿದ.

ಈ ವರ್ಷಗಳನ್ನು ಅವನ ಅಭಿಮಾನಿಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅವನು ತುಂಬಾ ಹತ್ತಿರದವನು ಅನಿಸಿದ್ದು ಇಲ್ಲಿಯೇ. ಮನೆ ನಡೆಯಬೇಕು, ಪಾತ್ರ ಸಿಕ್ಕಿತು, ಒಪ್ಪಿಕೊಂಡ. ನಟನಾದವನು ಖಳನ ವೇಷ ಹಾಕಬಾರದು ಅಂತ ಎಲ್ಲಿದೆ? ಯಕ್ಷಗಾನದ ಊರಿನಲ್ಲಿ ಹುಟ್ಟಿದವನಿಗೆ ಈ ಸಿಟ್ಟು ಅರ್ಥವೇ ಆಗುವುದಿಲ್ಲ, ನಮ್ಮಲ್ಲಿ ರಾವಣ ಮಾಡುವವನಿಗೇ ಮರ್ಯಾದೆ ಜಾಸ್ತಿ.

1932ರಲ್ಲಿ ಲೀ ಗ್ಯುಹ್ವಾನ್ ಎಂಬ ಹೊಸ ಹುಡುಗ ಬಂದ. ಜಪಾನಿನಲ್ಲಿ ಸಿನಿಮಾ ಕಲಿತವನು, ಮೊದಲ ಚಿತ್ರ, ಹೆಸರು 'ಒಡೆಯನಿಲ್ಲದ ದೋಣಿ'. ನಾಯಕನ ಪಾತ್ರಕ್ಕೆ ನಾ ಉನ್‌ಗ್ಯುವನ್ನು ಕೇಳಿದ. ಆಗ ಮಾರುಕಟ್ಟೆಯಲ್ಲಿ ಬಿದ್ದುಹೋಗಿದ್ದ ಹೆಸರು ಅದು. ಈ ಪಾತ್ರಕ್ಕಾಗಿ ನಾ ಉನ್‌ಗ್ಯು ತಲೆ ಬೋಳಿಸಿಕೊಂಡ. ತಾನೇ ನಿರ್ದೇಶಕ, ತಾನೇ ಸ್ಟಾರ್ ಆಗಿ ಮೆರೆದವನು, ಹೊಸಬನ ಕೈಕೆಳಗೆ ಬೋಳುತಲೆಯಲ್ಲಿ ನಿಂತ.

ಚುನ್‌ಸಾಮ್ ರೈತ. ಹಳ್ಳಿಯಲ್ಲಿ ಬದುಕಲಾಗದೆ ಸಿಯೋಲಿಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ಹೆಂಡತಿಯ ಬಾಣಂತನಕ್ಕೆ ದುಡ್ಡಿಲ್ಲ, ಕದ್ದು ಜೈಲಿಗೆ ಹೋಗುತ್ತಾನೆ, ಬರುವಷ್ಟರಲ್ಲಿ ಹೆಂಡತಿ ಇನ್ನೊಬ್ಬನ ಜೊತೆ. ಮಗಳನ್ನು ಎತ್ತಿಕೊಂಡು ಊರಿಗೆ ಬಂದು ದೋಣಿ ಹಿಡಿಯುತ್ತಾನೆ, ಜನರನ್ನು ಹೊಳೆ ದಾಟಿಸುವ ಕೆಲಸ. ಹತ್ತು ವರ್ಷ ಹಾಗೇ ಹೋಗುತ್ತದೆ. ಆಮೇಲೆ ಹೊಳೆಗೆ ರೈಲು ಸೇತುವೆ ಬರುತ್ತದೆ. ಸೇತುವೆ ಬಂದ ಮೇಲೆ ಕಡವಿನ ದೋಣಿಯವನ ಗತಿ ಏನಾಗುತ್ತದೆ ಅಂತ ಚಂದ್ರಗಿರಿ ಹೊಳೆಯ ಬದಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆಯ ಎಂಜಿನಿಯರ್ ಮಗಳ ಮೈಮೇಲೆ ಬೀಳುತ್ತಾನೆ. ಅಪ್ಪ ಕೊಡಲಿ ತೆಗೆದುಕೊಂಡು ಅವನ ಕಥೆ ಮುಗಿಸಿ, ಅಷ್ಟಕ್ಕೇ ನಿಲ್ಲದೆ ಹೋಗಿ ರೈಲು ಹಳಿಯನ್ನು ಕಡಿಯುತ್ತಾನೆ. ಕಬ್ಬಿಣವನ್ನು ಕೊಡಲಿಯಲ್ಲಿ! ರೈಲು ಬರುತ್ತದೆ, ಅವನ ಮೇಲೆ ಹರಿದುಹೋಗುತ್ತದೆ. ಗುಡಿಸಲಿಗೆ ಬೆಂಕಿ ಬಿದ್ದು ಮಗಳೂ ಹೋಗುತ್ತಾಳೆ.

ರೈಲು ಸುರಂಗ ಒಡೆಯಲಿಕ್ಕೆ ಹೊರಟು ಜೈಲಿಗೆ ಹೋಗಿದ್ದವನು ಈ ದೃಶ್ಯ ಮಾಡಿದ್ದಾನೆ. ಕಥೆ ಲೀ ಗ್ಯುಹ್ವಾನ್‌ನದು, ಹಾಗಾಗಿ ಇದನ್ನು ಆತ್ಮಕಥೆ ಅಂತ ಎಳೆಯಬಾರದು. ಆದರೂ ಆ ಕೊಡಲಿ ಎತ್ತುವಾಗ ಅವನ ಮುಖ ಹೇಗಿತ್ತು ಅಂತ ನನಗೆ ನೋಡಬೇಕು. 'ಅರಿರಾಂಗ್' ಸಿಕ್ಕಿದರೆ ಒಳ್ಳೆಯದೇ. ಒಂದೇ ಚಿತ್ರ ಸಿಗುತ್ತದೆ, ಯಾವುದು ಬೇಕು ಅಂತ ಕೇಳಿದರೆ ನಾನು ಇದನ್ನು ಕೇಳುತ್ತೇನೆ. ಮಗಳ ಪಾತ್ರ ಮಾಡಿದ ಮುನ್ ಯೆಬೊಂಗ್‌ಗೂ ಇದೇ ಮೊದಲ ಚಿತ್ರ, ಮುಂದೆ ದೊಡ್ಡ ನಟಿಯಾದಳು.

1935ರಲ್ಲಿ ಕೊರಿಯಾಕ್ಕೆ ಮಾತಿನ ಚಿತ್ರ ಬಂತು. ನಮ್ಮ 'ಸತಿ ಸುಲೋಚನಾ' 1934ರದ್ದು, ಒಂದು ವರ್ಷ ನಾವೇ ಮುಂದೆ. ಬ್ಯೊನ್ಸಾಗಳ ಅನ್ನ ಹೋಯಿತು. ನಾ ಉನ್‌ಗ್ಯು 1936ರಲ್ಲಿ 'ಅರಿರಾಂಗ್'ನ ಮೂರನೇ ಭಾಗವನ್ನು ಮಾತಿನಲ್ಲೇ ಮಾಡಿದ, ನಡೆಯಲಿಲ್ಲ. ಅಷ್ಟರಲ್ಲಿ ಕ್ಷಯ ಹಿಡಿದಿತ್ತು. 1937ರಲ್ಲಿ 'ಒಮೊಂಗ್ ಎಂಬ ಹುಡುಗಿ', ಲೀ ತೆಜುನ್ ಬರೆದ ಕಥೆ, ಮತ್ತೆ ಅವನ ಉತ್ತರದ ಕಡಲ ಸೀಮೆ. ಕುರುಡು ಜ್ಯೋತಿಷಿಯ ಮನೆಯಲ್ಲಿ ಸಿಕ್ಕಿಬಿದ್ದ ಹುಡುಗಿ ಕೊನೆಗೆ ಪ್ರಾಯದ ಮೀನುಗಾರನ ಜೊತೆ ದೋಣಿ ಹತ್ತಿ ಹೋಗುವ ಕಥೆ. ಇದರಲ್ಲಿ ಅವನು ನಟಿಸಲಿಲ್ಲ, ಕ್ಯಾಮೆರಾದ ಹಿಂದೆ ಮಾತ್ರ ಇದ್ದ. ಉಗಿದ ವಿಮರ್ಶಕರೇ ಈ ಸಲ ಹೊಗಳಿದರು. ಆಗಸ್ಟ್ 9ಕ್ಕೆ ತೀರಿಹೋದ, ವಯಸ್ಸು 34.

ಆಗಸ್ಟ್ 9 ಅನ್ನುವಾಗ ನಮಗೆ ಬೇರೊಬ್ಬರು ನೆನಪಾಗುತ್ತಾರೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡದ್ದು ಅದೇ ತಾರೀಕಿಗೆ, ನೂರು ವರ್ಷ ತುಂಬಿಸಿ. ತಾರೀಕು ಸುಮ್ನೆ ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚುವುದಿಲ್ಲ. ಹೇಳಬೇಕಾದದ್ದು ಬೇರೆ. ಪ್ರತಿ ನವೆಂಬರ್ ಒಂದಕ್ಕೆ ಇಲ್ಲಿ ವೇದಿಕೆ ಹತ್ತುವವರು ಕಯ್ಯಾರರ ಒಂದೇ ಕವಿತೆಯನ್ನು ಕೂಗಿ ಇಳಿಯುತ್ತಾರೆ. ಮಕ್ಕಳಿಗೆ ಪದ್ಯ ಬರೆದ, ಶಾಲೆಯಲ್ಲಿ ಪಾಠ ಮಾಡಿದ, ಪೆರಡಾಲದಲ್ಲಿ ಗದ್ದೆ ತೋಟ ನೋಡಿಕೊಂಡ ಕಯ್ಯಾರರು ಆ ಕೂಗಿನಲ್ಲಿ ಕೇಳಿಸುವುದಿಲ್ಲ. ಗಡಿಯಲ್ಲಿ ಹುಟ್ಟಿದವರಿಗೆ ಈ ಕಾಟ ಜಾಸ್ತಿ ಅಂತ ಕಾಣುತ್ತದೆ, ಮೊದಲು ಹೋರಾಟಗಾರ ಅಂತ ಚೌಕಟ್ಟು ಹಾಕುತ್ತಾರೆ, ಉಳಿದದ್ದೆಲ್ಲ ಚೌಕಟ್ಟಿನ ಹೊರಗೆ. ನಾ ಉನ್‌ಗ್ಯುಗೂ ದಕ್ಷಿಣ ಕೊರಿಯಾ ಸರ್ಕಾರ 1993ರಲ್ಲಿ ದೇಶಭಕ್ತನ ಪದಕ ಕೊಟ್ಟಿತು. ಕೊಡಬೇಕಾದದ್ದೇ, ಅರ್ಹ. ಆದರೆ ಪಲ್ಲಕ್ಕಿ ಹೊತ್ತವನು, ತಲೆ ಬೋಳಿಸಿಕೊಂಡವನು, ಕುಡಿದು ಕಂಪನಿ ಮುಳುಗಿಸಿದವನು, ಪ್ರೇಕ್ಷಕ ನಿದ್ದೆಹೋದಾನು ಅಂತ ಚಡಪಡಿಸಿದವನು ಪದಕದಲ್ಲಿ ಎಲ್ಲಿದ್ದಾನೆ? 1990ರಿಂದ ಅವನ ಇನ್ನೊಂದು ಹೆಸರಿನಲ್ಲಿ, ಚುನ್ಸಾ ಅಂತ, ಸಿನಿಮಾ ಪ್ರಶಸ್ತಿಯೂ ಇದೆ. ಅದು ಹೆಚ್ಚು ಸರಿ ಅನಿಸುತ್ತದೆ.

ಇಷ್ಟೆಲ್ಲ ಬರೆದೆ, ಅವನ ಒಂದು ಚಿತ್ರವನ್ನೂ ನಾನು ನೋಡಿಲ್ಲ, ನೀವೂ ನೋಡಲಾರಿರಿ. 'ಅರಿರಾಂಗ್' ಇಲ್ಲ, 'ಒಡೆಯನಿಲ್ಲದ ದೋಣಿ' ಇಲ್ಲ. ಆಗಿನ ರೀಲು ಬೇಗ ಹಾಳಾಗುವಂಥದ್ದು, ಬೆಂಕಿ ಹಿಡಿದರೆ ಆರುವುದಿಲ್ಲ, ಮೇಲೆ 1950ರ ಯುದ್ಧ. ಹಳೆ ರೀಲುಗಳನ್ನು ಕತ್ತರಿಸಿ ಹುಲ್ಲಿನ ಟೋಪಿಗೆ ಪಟ್ಟಿ ಮಾಡಿ ಸುತ್ತುತ್ತಿದ್ದರು ಅಂತಲೂ ಅಲ್ಲಿನವರು ಹೇಳುತ್ತಾರೆ. ಟೋಪಿ ಸಾಹುಕಾರನ ದುಡ್ಡಿನಿಂದ ಶುರುವಾದ ಕಥೆ! ಜಪಾನಿನ ಒಸಾಕಾ ಕಡೆಯ ಅಬೆ ಯೋಶಿಶಿಗೆ ಎಂಬ ಸಂಗ್ರಾಹಕ 'ಅರಿರಾಂಗ್' ತನ್ನ ಹತ್ತಿರ ಇದೆ ಅಂತ ವರ್ಷಗಟ್ಟಲೆ ಹೇಳುತ್ತಾ, ತೋರಿಸದೆ, 2005ರಲ್ಲಿ ಸತ್ತ. ಸಂಗ್ರಹವನ್ನೆಲ್ಲ ನೋಡಿದರು, ಚಿತ್ರ ಸಿಗಲಿಲ್ಲ. ನಮಗೆ ಇದರಲ್ಲಿ ನಗುವ ಹಕ್ಕಿಲ್ಲ. ಕಾಸರಗೋಡಿನವರಿಗೆ ಎರಡು ಚಿತ್ರರಂಗಗಳು ಸ್ವಂತ, ಎರಡರ ಮೊದಲನೆಯದೂ ಕಳೆದುಹೋಗಿದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಪ್ರತಿ ಉಳಿದಿಲ್ಲ. ಮಲಯಾಳದ ಮೊದಲ ಮೂಕಿ, ಜೆ. ಸಿ. ಡೇನಿಯಲ್ ಅವರ 'ವಿಗತಕುಮಾರನ್' ಕೂಡ ಉಳಿದಿಲ್ಲ. ಅವರೂ ನಟ, ನಿರ್ದೇಶಕ, ನಿರ್ಮಾಪಕ ಎಲ್ಲ ಒಬ್ಬರೇ. ಅದರಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ ದಲಿತ ನಟಿ ಪಿ. ಕೆ. ರೋಸಿಯನ್ನು ಮೇಲ್ಜಾತಿಯವರು ಊರು ಬಿಟ್ಟು ಓಡಿಸಿದರು.

ಹಾಡು ಮಾತ್ರ ಗಟ್ಟಿ. ಯುನೆಸ್ಕೊ ಪಟ್ಟಿಗೆ 2012ರಲ್ಲಿ ದಕ್ಷಿಣ ಕೊರಿಯಾ ಅರಿರಾಂಗನ್ನು ಸೇರಿಸಿತು, 2014ರಲ್ಲಿ ಉತ್ತರ ಕೊರಿಯಾ ತನ್ನದೂ ಅಂತ ಸೇರಿಸಿತು. ಒಂದೇ ಹಾಡಿಗೆ ಎರಡು ದೇಶದ ಅರ್ಜಿ.

ಆನ್ ಜೊಂಗ್‌ಹ್ವಾ ಹೆಸರು ಮತ್ತೆ ಬರುತ್ತದೆ ಅಂದಿದ್ದೆ. ಕೊರಿಯಾದ ಮೂಕಿ ಚಿತ್ರಗಳಲ್ಲಿ ಈಗ ಸಿಗುವ ತೀರಾ ಹಳೆಯವುಗಳಲ್ಲಿ ಒಂದು ಅವನು ನಿರ್ದೇಶಿಸಿದ 'ಯೌವನದ ಕವಲುದಾರಿ', 1934ರದ್ದು. ಸಿಕ್ಕಿದ್ದು 2007ರಲ್ಲಿ. ಅಲ್ಲಿನ ಚಲನಚಿತ್ರ ಸಂಗ್ರಹಾಲಯದವರು ಅದನ್ನು ಸರಿಮಾಡಿ, ವೇದಿಕೆಯ ಮೇಲೆ ನಿಜವಾದ ಬ್ಯೊನ್ಸಾ ಒಬ್ಬನನ್ನು ನಿಲ್ಲಿಸಿ, ವಾದ್ಯದವರನ್ನೂ ಕೂರಿಸಿ ತೋರಿಸುತ್ತಾರೆ. ತಂಗಿಯ ಮಗಳು ಅದರ ತುಣುಕು ನೋಡಿ "ಮಾವ, ಇದನ್ನು ನಮ್ಮ ಅರ್ಥಧಾರಿಗಳೂ ಮಾಡಬಹುದಲ್ವಾ?" ಅಂದಳು. ಮಾಡಬಹುದು. ಯಾರಾದರೂ ಸಂಘದವರು ಮನಸ್ಸು ಮಾಡಿದರೆ, ಒಂದು ಮೂಕಿ ಚಿತ್ರ, ಒಂದು ಬಿಳಿ ಪರದೆ, ಚೆಂಡೆ ಮದ್ದಳೆ, ಬಾಯಿ ಗಟ್ಟಿಯಿರುವ ಇಬ್ಬರು ಅರ್ಥಧಾರಿಗಳು ಸಾಕು, ಶಾಲೆಯ ಹಾಲ್ ಎಲ್ಲ ಊರಿನಲ್ಲೂ ಇದೆ. ಒಂದೇ ತೊಂದರೆ, ನಮ್ಮವರ ಕೈಗೆ ಮಾತು ಸಿಕ್ಕಿದರೆ ಒಂದೂಕಾಲು ಗಂಟೆಯ ಚಿತ್ರ ಬೆಳಗ್ಗಿನವರೆಗೆ ಹೋಗುತ್ತದೆ. ಆಸಕ್ತಿ ಇರುವವರು ತಿಳಿಸಿ, ಪರದೆ ನಾನು ತರುತ್ತೇನೆ.